ಏಳನೆಯ ಮುಸುಕು

ಟೊರಾಂಟೊ
12 ಫೆಬ್ರವರಿ 2023

ಪ್ರೀತಿಯ ಸೆಲೀನಾ ಅತ್ತೆ,

ಮಂಡಿ ನೋವು ಹೇಗಿದೆ? ಕ್ರಿಸ್‌ಮಸ್ಸಿನ ಹನ್ನೆರಡು ದಿನವೂ ನಾನು ನಮ್ಮೂರು ಗ್ಯಾನೆಟ್ ಕೋವ್‌ನಲ್ಲೇ ಇದ್ದೆ, ನೀವು ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ನನ್ನ ಕೈಯಲ್ಲಿ ಕ್ಯಾಮೆರಾ ಕಂಡ ದಿನವೇ ಆ ನೋವು ಶುರುವಾಯಿತು ಎಂದು ಲೊರೆಟ್ಟಾ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ನಾನು ನಂಬಲಿಲ್ಲ. ಸ್ವಲ್ಪ ನಂಬಿದೆ.

ಮೂವತ್ತು ವರ್ಷ ಊರಿನ ಅಂಚೆ ನೋಡಿಕೊಂಡವರಿಗೆ ಫೋನಿನ ಮೇಲೆ ಎಷ್ಟು ಸಿಟ್ಟಿದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಒಂದು ಸಹಾಯ ಆಗಬೇಕು. ಆಗದಿದ್ದರೆ ನನ್ನ ಚಿತ್ರದ ಕಥೆ ಮುಗಿದಂತೆಯೇ.

ಹೊಸ ನಿರ್ದೇಶಕರ ಕಿರುಚಿತ್ರ ಯೋಜನೆಗೆ ಇಡೀ ಕೆನಡಾದಿಂದ ಎಂಟು ಜನರನ್ನು ಆರಿಸಿದ್ದಾರೆ ಎಂದಿದ್ದೆನಲ್ಲ. ಯೂಕಾನಿನ ಹುಡುಗಿ ತನ್ನ ತಾತನ ನಾಯಿಗಳ ಬಗ್ಗೆ ಮಾಡಿದ್ದಾಳೆ. ಮಾಂಟ್ರಿಯಲ್‌ನ ಒಬ್ಬ ಒಂದೇ ಒಂದು ಬಟ್ಟೆ ಒಗೆಯುವ ಅಂಗಡಿಯೊಳಗೆ ಇಡೀ ಪ್ರೇಮಕಥೆ ಮುಗಿಸಿದ್ದಾನೆ. ಮಿನ್‌ಜಿ ಎನ್ನುವವಳು ತನ್ನಪ್ಪನ ದರ್ಜಿ ಅಂಗಡಿಯನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾಳೆ; ಅವಳ ಚಿತ್ರವನ್ನು ನಾನು ಕತ್ತರಿಸಿ ಜೋಡಿಸುತ್ತೇನೆ, ನನ್ನದನ್ನು ಅವಳು. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಮೇ ತಿಂಗಳಲ್ಲಿ ಎಂಟನ್ನೂ ಒಟ್ಟಿಗೆ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ನಮಗೆ ಮುಂದೆ ಕೆಲಸ ಸಿಗುತ್ತದೋ ಇಲ್ಲವೋ ಎನ್ನುವುದು ಆ ಸಂಜೆಯ ಮೇಲೆ ನಿಂತಿದೆ.

ನಡೆದದ್ದು ಇಷ್ಟು. ಜನವರಿ ಎರಡರ ಸಂಜೆ, ಪ್ರತಿ ಕ್ರಿಸ್‌ಮಸ್ಸಿನಂತೆ ವೇಷ ಹಾಕಿ ಮನೆಮನೆ ಸುತ್ತುವ ಮುಸುಕಿನವರು ನಮ್ಮ ಮನೆಗೆ ಹೊರಟಾಗ ನಾನು ಕ್ಯಾಮೆರಾ ಹಿಡಿದು ಅವರ ಬೆನ್ನ ಹಿಂದೆಯೇ ನಡೆದೆ. ಹೊರಟಾಗ ಆರು ಜನ. ಬಲೆ ಇಡುವ ಕೊಟ್ಟಿಗೆಯ ಹತ್ತಿರ ಯಾರೋ ಸೇರಿಕೊಂಡಿದ್ದಾರೆ, ಅಪ್ಪನ ಅಡುಗೆಮನೆಗೆ ಬರುವಾಗ ಏಳು ಜನ. ಅವರು ಒಳಬರುವುದನ್ನು ಹಿಡಿಯಲು ಮುಂದೆ ಓಡಿ, ಹೊರಗಿನ ಚಳಿಯಿಂದ ಒಲೆಯ ಬಿಸಿಗೆ ಬಂದ ಕೂಡಲೇ ನನ್ನ ಲೆನ್ಸಿನ ಮೇಲೆ ಮಂಜು ಕೂತುಬಿಟ್ಟಿತು. ಆ ಊರಲ್ಲೇ ಹುಟ್ಟಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಟೊರಾಂಟೊದಲ್ಲಿ ಆರು ವರ್ಷ ಇದ್ದರೆ ಬುದ್ಧಿ ಹೀಗಾಗುತ್ತದೆ.

ಆರು ಜನರನ್ನು ಒಬ್ಬೊಬ್ಬರಾಗಿ ಗುರುತಿಸಿ ಹೆಸರು ಹೇಳಿದ್ದಾಯಿತು, ಅವರು ಮುಸುಕು ಎತ್ತಿದ್ದಾಯಿತು, ಕೇಕು ತಿಂದದ್ದೂ ಆಯಿತು. ಏಳನೆಯವರು ಯಾರೆಂದು ಯಾರಿಗೂ ಹೊಳೆಯಲಿಲ್ಲ. ಹಳದಿ ಮಳೆಯಂಗಿ, ಬೆನ್ನಿಗೆ ದಿಂಬು ಕಟ್ಟಿದ ಗೂನು, ಎಡಬಲ ಅದಲುಬದಲಾದ ಬೂಟು, ಮುಖಕ್ಕೆ ಲೇಸಿನ ಕಿಟಕಿ ಪರದೆ. ಹೇವರ್ಡ್ ಮಾಮ ಅಕಾರ್ಡಿಯನ್ ನುಡಿಸಲು ತೊಡಗಿದ್ದೇ ತಡ, ಆ ವೇಷ ಸೀದಾ ಅಪ್ಪನ ಮುಂದೆ ಹೋಗಿ ಕೈ ಚಾಚಿತು. ಅಪ್ಪ ಎದ್ದರು. ಅತ್ತೆ, ಅಮ್ಮ ಹೋದ ಮೇಲೆ ಅವರು ಕುಣಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಎರಡು ಹಾಡಿಗೆ ಕುಣಿದರು. ಆಮೇಲೆ ಆ ವೇಷ ತಲೆ ಬಾಗಿಸಿ, ಬಂದ ಹಾಗೆಯೇ ಹೊರಟುಹೋಯಿತು.

ನನ್ನ ಚಿತ್ರದ ಕೊನೆಯ ನಾಲ್ಕು ನಿಮಿಷ ಆ ಕುಣಿತವೇ. ಮಿಕ್ಕಿದ್ದೆಲ್ಲ ಅಲ್ಲಿಗೆ ಹತ್ತುವ ಮೆಟ್ಟಿಲು. ಆದರೆ ತೆರೆಯ ಮೇಲೆ ಕಾಣುವ ಪ್ರತಿಯೊಬ್ಬರೂ ಒಪ್ಪಿಗೆಗೆ ಸಹಿ ಹಾಕಬೇಕಂತೆ. ಯೋಜನೆಯ ವಕೀಲೆಗೆ ವಿವರಿಸಿ ವಿವರಿಸಿ ನನಗೆ ಸಾಕಾಯಿತು.

"ಇವ್ರು ಯಾರು?"

"ಗೊತ್ತಿಲ್ಲ."

"ನಿಮ್ಮನೆಗೆ ಬಂದಿದ್ದಾರೆ, ನಿಮ್ಮಪ್ಪನ ಜೊತೆ ಕುಣಿದಿದ್ದಾರೆ, ಆದ್ರೂ ಯಾರು ಅಂತ ಗೊತ್ತಿಲ್ವಾ?"

"ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ಮುಸುಕು ಹಾಕೋದು?"

ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಸಹಿ ಇಲ್ಲದೆ ಆ ನಾಲ್ಕು ನಿಮಿಷ ತೋರಿಸುವ ಹಾಗಿಲ್ಲ.

ನೀವು ಹೇಗೂ ಅಪ್ಪನ ಹೊಸಿಲು ತುಳಿಯುವುದಿಲ್ಲ, ಅವತ್ತು ಅಲ್ಲಿ ಇರಲೂ ಇಲ್ಲ. ಆದರೂ ಊರಿನಲ್ಲಿ ನಿಮಗೆ ತಿಳಿಯದ ಸಂಗತಿ ಯಾವುದಿದೆ? ಅದು ಯಾರು ಎಂದು ಪತ್ತೆ ಮಾಡಿ ಹೇಳಿ. ಅವರು ಒಂದು ಸಹಿ ಹಾಕಿಬಿಟ್ಟರೆ ಸಾಕು.

ನಿಮ್ಮ
ಜೋಲೀನ್


ಗ್ಯಾನೆಟ್ ಕೋವ್
1 ಮಾರ್ಚ್ 2023

ಜೋಲೀನ್ ಮಗಳೇ,

ನಿನ್ನ ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಮಂಡಿ ವಾಸಿ.

ನಿನ್ನ ವಕೀಲೆಗೆ ಒಂದು ವಿಷಯ ಹೇಳು. ಗ್ಯಾನೆಟ್ ಕೋವ್‌ನಲ್ಲಿ ಯಾರೂ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ನಮ್ಮವರಾದರೆ ಹಿಂಬಾಗಿಲು ತಳ್ಳಿಕೊಂಡು ಬರುತ್ತಾರೆ, ಕೆಟಲಿಗೆ ತಾವೇ ನೀರು ತುಂಬಿಸುತ್ತಾರೆ. ತಟ್ಟುವವರು ಇಬ್ಬರೇ: ಹೊರಗಿನವರು ಮತ್ತು ಮುಸುಕಿನವರು. ತಟ್ಟಿ, ಉಸಿರು ಒಳಗೆಳೆದುಕೊಂಡು ಗೊಗ್ಗರು ದನಿಯಲ್ಲಿ "ಮುಸುಕಿನವ್ರು ಒಳಗೆ ಬರ್ಬಹುದಾ?" ಎಂದು ಕೇಳಿದ ಮೇಲೆ ಆ ಮನುಷ್ಯ ವಿನ್ಸ್ ಅಲ್ಲ, ಲೊರೆಟ್ಟಾ ಅಲ್ಲ, ಯಾರೂ ಅಲ್ಲ. ಎದುರಿಗೆ ನಿಂತು ಸರಿಯಾದ ಹೆಸರು ಹೇಳಿದರೆ ಮುಸುಕು ತೆಗೆಯಬೇಕು. ಹೇಳದಿದ್ದರೆ ಬಂದ ಹಾಗೆ ಹೋಗಬಹುದು. ಹೋದ ಮೇಲೆ ಹಿಂದಿನಿಂದ ವಿಚಾರಿಸುವುದು ಮರ್ಯಾದೆಯಲ್ಲ. ನಿನ್ನಜ್ಜಿ ಕಾಲದಿಂದಲೂ ಇದೇ ಕಟ್ಟಳೆ. ಸಿನಿಮಾದವರಿಗಾಗಿ ಅದನ್ನು ಬದಲಾಯಿಸಲು ಆಗುತ್ತದೆಯೇ?

ಹಾಸಿಗೆ ಹಿಡಿದಿದ್ದವಳನ್ನು ಕೇಳಿದರೆ ನಾನೇನು ಹೇಳಲಿ. ವಿನ್ಸ್ ಸ್ಕಿನ್ನರ್ ಇರಬಹುದು. ಅವನ ಹತ್ತಿರ ಹಳದಿ ಮಳೆಯಂಗಿ ಇದೆ. ಊರಿನಲ್ಲಿ ಎಲ್ಲರ ಹತ್ತಿರವೂ ಇದೆ ಅನ್ನು.

ನಿಮ್ಮಪ್ಪ ಏನಂದ? ಜೊತೆಯಲ್ಲಿ ಕುಣಿದವನು ಅವನೇ ಅಲ್ಲವೇ. ಅವನಿಗೆ ಯಾರೆಂದು ಅನ್ನಿಸಿತಂತೆ? ಕುಣಿದಾದ ಮೇಲೆ ಏನಾದರೂ ಹೇಳಿದನೇ? ಸುಮ್ಮನೆ ಕೇಳಿದೆ.

ಬೇಕ್‌ಆ್ಯಪಲ್ ಹಣ್ಣಿನ ಜ್ಯಾಮು ಕಳಿಸಿದ್ದೇನೆ. ಸೀಸೆ ಒಡೆದಿದ್ದರೆ ಅಂಚೆಯವರನ್ನು ಬೈಯಬೇಡ, ಮುಚ್ಚಳ ಸರಿಯಾಗಿ ಹಾಕದವಳು ನಾನು.

ಅತ್ತೆ ಸೆಲೀನಾ


ಟೊರಾಂಟೊ
20 ಮಾರ್ಚ್ 2023

ಪ್ರೀತಿಯ ಅತ್ತೆ,

ಜ್ಯಾಮು ಕ್ಷೇಮವಾಗಿ ಬಂತು. ಆದರೆ ನಿಮ್ಮ ಸಲಹೆ ನನ್ನನ್ನು ಮುಳುಗಿಸಿತು.

ವಿನ್ಸ್‌ಗೆ ಫೋನ್ ಮಾಡಿ "ಅವತ್ತು ಅಪ್ಪನ ಜೊತೆ ಕುಣಿದಿದ್ದು ನೀನೇನಾ?" ಎಂದೆ. ಒಂದು ಕ್ಷಣವೂ ಯೋಚಿಸದೆ "ಹ್ಞೂಂ, ನಾನೇ. ಕಾಗ್ದ ಕಳ್ಸು, ಸೈನ್ ಮಾಡ್ತೀನಿ" ಅಂದ. ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಲೊರೆಟ್ಟಾ ಫೋನ್ ಮಾಡಿದಳು. "ಆ ವಿನ್ಸ್ ಸುಳ್ಳ. ಅದು ನಾನು ಕಣೇ. ಕುಣಿತ ನೋಡಿದ್ರೆ ಗೊತ್ತಾಗಲ್ವಾ?" ಆಮೇಲೆ ಚರ್ಚಿನಲ್ಲಿ ಬೈಬಲ್ ಓದುವ ಕ್ಲೆಮೆಂಟ್. ಕೊನೆಗೆ ಹೇವರ್ಡ್ ಮಾಮ.

"ಮಾಮ, ನೀವು ಅದೇ ದೃಶ್ಯದಲ್ಲಿ ಮೂಲೇಲಿ ಕೂತು ಅಕಾರ್ಡಿಯನ್ ನುಡಿಸ್ತಿದ್ದೀರಿ."

"ಅದಕ್ಕೇನೀಗ? ಸಿನಿಮಾದಲ್ಲಿ ಏನ್ ಬೇಕಾದ್ರೂ ಮಾಡ್ಬಹುದಂತೆ."

ಈಗ ನನ್ನ ಹತ್ತಿರ ಒಂದೇ ಮುಸುಕಿಗೆ ನಾಲ್ಕು ಸಹಿಗಳಿವೆ. ವಕೀಲೆ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನ ಮುಖ ನೋಡಿದಳು. ಊರಿನವರು ನನಗೆ ಒಳ್ಳೆಯದಾಗಲಿ ಎಂದು ಮಾಡಿದ್ದು, ಗೊತ್ತು. ಸುಳ್ಳು ಸಹಿಯಿಂದ ಚಿತ್ರ ನಡೆಯುವುದಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ.

ಅಪ್ಪನನ್ನು ಕೇಳಿದೆ. "ಚೆನ್ನಾಗಿ ಕುಣೀತು" ಅಂದರು. ಅಷ್ಟೇ. ಯಾರು ಎಂದರೆ "ಕೆಟ್ಲು ಕುದೀತಿದೆ" ಎಂದು ಫೋನ್ ಇಟ್ಟರು. ಅವರಿಗೂ ಗೊತ್ತಾಗಿಲ್ಲ ಅನ್ನಿಸುತ್ತದೆ, ಪಾಪ.

ನಮಗೆ ಮಾರ್ಗದರ್ಶನ ಮಾಡುವ ಹಿರಿಯ ನಿರ್ದೇಶಕರು ಕುಣಿತ ಕತ್ತರಿಸಿ ಕಡಲು ತೋರಿಸಿ ಮುಗಿಸು ಎನ್ನುತ್ತಿದ್ದಾರೆ. ಇಲ್ಲವೇ ಮುಖ ಮಸುಕು ಮಾಡು ಅಂದರು. "ಅದು ಆಗ್ಲೇ ಪರದೆ ಹಾಕ್ಕೊಂಡಿದೆಯಲ್ಲ, ಪರದೆ ಮೇಲೆ ಇನ್ನೊಂದು ಪರದೆ ಹಾಕ್ಲಾ?" ಎಂದು ಕೇಳಿದೆ. ಅವರಿಗೆ ನಗು ಬರಲಿಲ್ಲ. ನಾನು ಎರಡಕ್ಕೂ ಒಪ್ಪಿಲ್ಲ. ಕಡಲು ಎಲ್ಲರ ಚಿತ್ರದಲ್ಲೂ ಇರುತ್ತದೆ. ನನ್ನಪ್ಪ ಕುಣಿಯುವುದು ನನ್ನ ಚಿತ್ರದಲ್ಲಿ ಮಾತ್ರ ಇದೆ.

ಏಪ್ರಿಲ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಇನ್ನೊಮ್ಮೆ ಯೋಚಿಸಿ ನೋಡಿ ಅತ್ತೆ.

ಜೋಲೀನ್


ಗ್ಯಾನೆಟ್ ಕೋವ್
11 ಏಪ್ರಿಲ್ 2023

ಜೋಲೀನ್,

ನನ್ನ ಮಾತು ಕೇಳು. ಕುಣಿತ ತೆಗೆದುಹಾಕು. ಕಡಲು ತೋರಿಸಿ ಮುಗಿಸು. ನಷ್ಟವೇನು?

ನೀನು ಪ್ಯಾಟೆ ಸೇರಿದ ಮೇಲೆ ಒಂದು ಬೇಸಿಗೆಯಲ್ಲಿ ಹೊರಗಿನವರು ನಮ್ಮೂರ ಮೇಲೆ ಒಂದು ಚಿಕ್ಕ ಸಿನಿಮಾ ಮಾಡಿದ್ದು ನೆನಪಿದೆಯೇ? ನನ್ನ ಬಟ್ಟೆ ಒಣಗಿಸುವ ಹಗ್ಗವನ್ನು ಅರ್ಧ ದಿನ ಯಂತ್ರದಲ್ಲಿ ಹಿಡಿದರು. ನಾನು ಒದ್ದೆ ಬಟ್ಟೆ ತುಂಬಿದ ಬುಟ್ಟಿ ಹಿಡಿದು ಬಂದರೆ ಆ ಹುಡುಗ "ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ ಅಜ್ಜಿ, ಖಾಲಿ ಹಗ್ಗ ಬೇಕು" ಎಂದ. ಆಮೇಲೆ ನೋಡಿದರೆ ಖಾಲಿ ಹಗ್ಗ, ಮಂಜು, ಅಳುವ ಪಿಟೀಲು. ಸಾಯುತ್ತಿರುವ ಊರಂತೆ. ನನ್ನ ಲಂಗ, ದುಪ್ಪಟಿ ಎಲ್ಲ ಬುಟ್ಟಿಯಲ್ಲೇ ಮುಗ್ಗುಲು ಹಿಡಿದವು. ಅವತ್ತೇ ತೀರ್ಮಾನ ಮಾಡಿದೆ, ಆ ಯಂತ್ರದ ಮುಂದೆ ನಾನು ಯಾವತ್ತೂ ನಿಲ್ಲುವುದಿಲ್ಲ ಎಂದು. ನಿನಗೂ ಅದನ್ನೇ ಹೇಳಿದ್ದೆ.

ಮುಸುಕಿನೊಳಗೆ ಬಂದವರು ಮುಸುಕಿನೊಳಗೇ ಹೋಗಲಿ. ಬಂದದ್ದಕ್ಕೆ ಅವರಿಗೂ ಏನೋ ಕಾರಣ ಇರುತ್ತದೆ. ಅದನ್ನು ಟೊರಾಂಟೊದ ಮೇಜಿನ ಮೇಲೆ ಹರಡುವುದು ಬೇಡ. ನಿಮ್ಮಪ್ಪನಿಗೂ ಯಾರೆಂದು ಗೊತ್ತಿಲ್ಲದಿದ್ದರೆ ಅದೇ ಒಳ್ಳೆಯದು.

ಸಿಟ್ಟು ಮಾಡಿಕೊಳ್ಳಬೇಡ. ನಾನು ಬೇಡ ಅನ್ನುತ್ತಿದ್ದೇನೆ, ಅಷ್ಟೇ.

ಸೆಲೀನಾ


ಟೊರಾಂಟೊ
30 ಏಪ್ರಿಲ್ 2023

ಅತ್ತೆ,

ಮೇ ಪ್ರದರ್ಶನದಿಂದ ನನ್ನ ಚಿತ್ರ ಹೊರಗೆ. ಏಳು ಚಿತ್ರ ತೋರಿಸುತ್ತಾರೆ. ನಾನು ಪ್ರೇಕ್ಷಕರ ಜೊತೆ ಕೂತು ಚಪ್ಪಾಳೆ ತಟ್ಟುತ್ತೇನೆ.

ಯಾರೆಂದು ನಿಮಗೆ ಗೊತ್ತಿದೆ. ನಿಮ್ಮ ಕಾಗದದಲ್ಲಿ ಅದು ಕಾಣುತ್ತದೆ. ಹೇಳದೆ ಯಾರನ್ನೋ ಕಾಪಾಡುತ್ತಿದ್ದೀರಿ.

ನೀವು ಬೇಡ ಅಂದದ್ದು ಇದೇ ಮೊದಲಲ್ಲ. ಊರು ಖಾಲಿ ಮಾಡಿ ಎಲ್ಲರೂ ಆಚೆ ದಡದ ಪಟ್ಟಣಕ್ಕೆ ಹೋಗೋಣವೇ ಎಂದು ಸರ್ಕಾರ ಮತ ಹಾಕಿಸಿದಾಗ ನೂರಕ್ಕೆ ತೊಂಬತ್ತು ಮತ ಬೇಕಿತ್ತು, ಒಂದೇ ಒಂದು ಮತ ಕಡಿಮೆ ಬಿತ್ತು. ಆ ಮತ ನಿಮ್ಮದು ಎಂದು ಇಡೀ ಊರಿಗೆ ಗೊತ್ತು. ಅಮ್ಮನಿಗೆ ಆಗಲೇ ಕಾಯಿಲೆ ಇತ್ತು, ಆಸ್ಪತ್ರೆಯ ಹತ್ತಿರ ಇರೋಣ ಎಂದು ಅಪ್ಪ ಮನೆಮನೆಗೆ ಹೋಗಿ ಕೈಮುಗಿದಿದ್ದರು. ಮುಂದಿನ ಚಳಿಗಾಲದಲ್ಲಿ ಬಿರುಗಾಳಿಗೆ ದೋಣಿಯೂ ಬರಲಿಲ್ಲ, ಹೆಲಿಕಾಪ್ಟರೂ ಬರಲಿಲ್ಲ, ಅಮ್ಮ ಆ ಅಡುಗೆಮನೆಯಲ್ಲೇ ಹೋದರು. ಸಮಾಧಿಯ ಹತ್ತಿರ ಅಪ್ಪ ನಿಮಗೆ "ನನ್ನ ಹೊಸ್ಲು ತುಳೀಬೇಡ" ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಆದರೂ ನಿಮಗೆ ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ನೀವು ನನ್ನ ಅತ್ತೆ ಎಂದು.

ಅಪ್ಪ ಐದು ವರ್ಷದಲ್ಲಿ ಒಂದೇ ಸಲ ಸಂತೋಷವಾಗಿದ್ದರು. ಅದು ನನ್ನ ಹತ್ತಿರ ಇದೆ. ಅದನ್ನೂ ಕತ್ತರಿಸು ಅನ್ನುತ್ತೀರಿ.

ಕತ್ತರಿಸುವುದಿಲ್ಲ.

ಜೋಲೀನ್


ಟೊರಾಂಟೊ
3 ಅಕ್ಟೋಬರ್ 2023

ಪ್ರೀತಿಯ ಅತ್ತೆ,

ಬೇಸಿಗೆಯಲ್ಲಿ ನೀವು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿಮ್ಮ ಕ್ಷಮೆ ಕೇಳಲು ಎಷ್ಟೋ ಸಲ ಕೂತೆ. ಅಮ್ಮನ ಮಾತು ತೆಗೆದದ್ದಕ್ಕೆ ಕೇಳುತ್ತೇನೆ. ಕತ್ತರಿಸುವುದಿಲ್ಲ ಎಂದದ್ದಕ್ಕೆ ಕೇಳುವುದಿಲ್ಲ.

ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದೇನೆ. ಚಿತ್ರ ಡ್ರಾಯರಿನಲ್ಲಿತ್ತು. ಹೋದ ತಿಂಗಳು ಯೋಜನೆಯವರು ಮತ್ತೆ ಕರೆದು, ಮಾರ್ಚ್‌ನಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಹೊಸಬರ ಕಿರುಚಿತ್ರಗಳ ಇನ್ನೊಂದು ಪ್ರದರ್ಶನ ಇದೆ, ಜನವರಿ ಮುಗಿಯುವುದರೊಳಗೆ ಸಹಿ ತಂದರೆ ಕುಣಿತದ ಸಮೇತ ಸೇರಿಸುತ್ತೇವೆ, ಇಲ್ಲವಾದರೆ ಇದನ್ನು ಇಲ್ಲಿಗೇ ಮುಚ್ಚಿ ಇನ್ನೊಬ್ಬರಿಗೆ ಅವಕಾಶ ಕೊಡುತ್ತೇವೆ ಎಂದರು.

ಮಿನ್‌ಜಿಯೂ ನಾನೂ ಮುಸುಕಿನವರು ಒಳಗೆ ಬಂದಲ್ಲಿಂದ ಆ ನಾಲ್ಕು ನಿಮಿಷದವರೆಗೆ ಮತ್ತೆ ನೋಡಲು ಕೂತೆವು. ಲೆನ್ಸಿನ ಮಂಜು ಕೆಳಗಿನ ಅಂಚಿನಿಂದ ಕರಗುತ್ತಾ ಬರುತ್ತದೆ, ಹಾಗಾಗಿ ಮೊದಲು ಕಾಣುವುದು ಕಾಲುಗಳು ಮಾತ್ರ. ಮಿನ್‌ಜಿ ಒಮ್ಮೆಲೇ ನಿಲ್ಲಿಸಿದಳು.

"ನಿಮ್ಮನೆ ಹೊಸಿಲು ಎತ್ತರ ಇದೆಯಾ? ಎಲ್ರೂ ಎಡವಿದ್ರು. ಇವ್ರೊಬ್ರು ಬಿಟ್ಟು."

ನೋಡಿದೆ. ನಿಜ. ಅದಲುಬದಲಾದ ಬೂಟಿನಲ್ಲಿ, ಮುಖಕ್ಕೆ ಪರದೆ ಹಾಕಿಕೊಂಡು, ಕೆಳಗೆ ನೋಡದೆಯೇ ಕಾಲನ್ನು ಬೇಕಾದಷ್ಟೇ ಎತ್ತಿ ದಾಟಿದ್ದಾರೆ. ಮುಂದೆ ನೋಡಿದರೆ ಆ ಕೈ ಒದ್ದೆ ಕೈಗವಸು ಕಳಚಿ ಒಲೆಯ ಹಿಂದಿನ ಮೊಳೆಗೆ ಸಿಕ್ಕಿಸುತ್ತದೆ. ಅತ್ತೆ, ಆ ಮೊಳೆ ಒಲೆಯ ಕೊಳವೆಯ ಮರೆಯಲ್ಲಿದೆ. ಹೊಸಬರಿಗೆ ಅದು ಇದೆಯೆಂದೇ ತಿಳಿಯದು. ಐದು ವರ್ಷದಿಂದ ಅದಕ್ಕೆ ಯಾರೂ ಏನನ್ನೂ ತೂಗುಹಾಕಿಲ್ಲ. ನಾನು ಒಮ್ಮೆ ಟೋಪಿ ಹಾಕಲು ಹೋದಾಗ ಅಪ್ಪ ಅದನ್ನು ತೆಗೆದು ಕುರ್ಚಿಯ ಮೇಲೆ ಇಟ್ಟಿದ್ದರು.

ಅದು ಯಾರ ಮೊಳೆ ಎಂದು ನನಗೆ ಗೊತ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಆ ಹೊಸಿಲು ಕಾಲಿಗೆ ನೆನಪಿರುತ್ತದೆ.

ಮಿನ್‌ಜಿ ಕಾಫಿ ತರಲು ಹೋದಾಗ ಒಬ್ಬಳೇ ಕೂತು ಅತ್ತುಬಿಟ್ಟೆ. ನಿಮ್ಮ ಮಂಡಿ ನೋವನ್ನು ನೆನೆದು ನಕ್ಕೆ ಕೂಡ.

ಹೆಸರು ಬರೆಯುವುದಿಲ್ಲ. ಹೆಸರನ್ನು ಎದುರಿಗೆ ನಿಂತು ಹೇಳಬೇಕು, ಕಾಗದದಲ್ಲಿ ಅಲ್ಲ. ಕಟ್ಟಳೆ ನೀವೇ ಕಲಿಸಿದ್ದು. ಅಪ್ಪನಿಗೂ ಹೇಳಿಲ್ಲ. ಕ್ರಿಸ್‌ಮಸ್ಸಿಗೆ ಬರುತ್ತೇನೆ.

ಜೋಲೀನ್


ಗ್ಯಾನೆಟ್ ಕೋವ್
2 ನವೆಂಬರ್ 2023

ಮಗಳೇ,

ನಿನ್ನ ಕಾಗದವನ್ನು ಒಲೆಗೆ ಹಾಕಲು ಎರಡು ಸಲ ಎದ್ದೆ, ಹಾಕಲಿಲ್ಲ.

ಒಂದು ಮಾತಿಗೆ ಅಂದುಕೋ, ಯಾರೋ ಒಬ್ಬಳು. ಅವಳಿಗೆ ಆ ಮನೆಗೆ ಬರಬೇಡ ಎಂದಿದ್ದಾರೆ. ಅವಳು ಹೋಗಲೂ ಇಲ್ಲ. ಆದರೆ ಆ ಒಲೆ, ಆ ಕೆಟಲು, ಕಿಟಕಿಯಲ್ಲಿ ಕಾಣುವ ಆ ತಮ್ಮನ ಬೋಳುತಲೆ ಇವುಗಳನ್ನು ಬಲೆ ಕೊಟ್ಟಿಗೆಯ ಹಿಂದೆ ನಿಂತು ನೋಡುವುದು ಅವಳಿಗೆ ಅಭ್ಯಾಸವಾಗಿದೆ. ಒಂದು ಸಂಜೆ ಮುಸುಕಿನವರು ಹೋಗುತ್ತಿದ್ದಾರೆ. ಬರಬೇಡ ಎಂದದ್ದು ಅವಳಿಗೆ, ಮುಸುಕಿಗಲ್ಲ. ಹೋದಳು. ಕುಣಿದಳು. ಸುಖವಾಗಿತ್ತು. ಅವನ ಕೈ ನಮ್ಮಪ್ಪನ ಕೈಯ ಹಾಗೆಯೇ ಒರಟು.

ಈಗ ನೀನು ಆ ಹೆಸರನ್ನು ಕಾಗದದ ಮೇಲೆ ಬರೆಸಿದರೆ ಅವನಿಗೆ ತಿಳಿಯುತ್ತದೆ, ತಾನು ಕುಣಿದದ್ದು ಯಾರ ಜೊತೆ ಎಂದು. ಹೆಂಡತಿ ಹೋದ ಅಡುಗೆಮನೆಯಲ್ಲಿ, ಆ ಮತ ಹಾಕಿದವಳ ಜೊತೆ. ಐದು ವರ್ಷದಲ್ಲಿ ಒಂದೇ ಸಲ ಸಂತೋಷವಾಗಿದ್ದರು ಎಂದು ನೀನೇ ಬರೆದೆ. ಆ ಒಂದೂ ಅವನಿಗೆ ಹೇಸಿಗೆಯಾಗಿಬಿಟ್ಟರೆ? ನಿನ್ನ ಸಿನಿಮಾ ನಿಂತರೆ ಇನ್ನೊಂದು ಮಾಡುತ್ತೀಯ. ಅವನು ಇನ್ನೊಮ್ಮೆ ಕುಣಿಯುತ್ತಾನೆ ಎಂದು ಹೇಳಬಲ್ಲೆಯಾ?

ನನ್ನ ಹೆದರಿಕೆ ಅದೊಂದೇ. ಯಂತ್ರದ ಮೇಲಿನ ಸಿಟ್ಟು, ಕಟ್ಟಳೆ, ಮಂಡಿ ಎಲ್ಲ ಅದರ ಮೇಲೆ ಹೊದಿಸಿದ ಹೊದಿಕೆ.

ಮತದ ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿದೆ ಎಂದು ಹೇಳುವುದಿಲ್ಲ. ನಿಮ್ಮಮ್ಮ ಮರ್ಟಲ್ ಹೋದಳೆಂದು ದಿನವೂ ಅಳುತ್ತೇನೆ. ಅದು ಬೇರೆ, ಇದು ಬೇರೆ.

ಸೆಲೀನಾ


ಟೊರಾಂಟೊ
24 ನವೆಂಬರ್ 2023

ಪ್ರೀತಿಯ ಅತ್ತೆ,

ಬಹಳ ಯೋಚಿಸಿದೆ. ನೀವು ಹೇಳುವುದರಲ್ಲಿ ಅರ್ಧ ಸರಿ. ಅಪ್ಪನಿಗೆ ಬೇಡವಾದದ್ದನ್ನು ನಾನು ತೋರಿಸುವುದಿಲ್ಲ. ಅವರು ಬೇಡ ಅಂದರೆ ಚಿತ್ರವನ್ನು ನಾನೇ ಮುಚ್ಚುತ್ತೇನೆ, ಬೇಕರಿಯಲ್ಲಿ ಇನ್ನಷ್ಟು ದಿನ ಹಿಟ್ಟು ನಾದುತ್ತೇನೆ, ಇನ್ನೊಂದು ಚಿತ್ರಕ್ಕೆ ಮತ್ತೆ ಅರ್ಜಿ ಹಾಕುತ್ತೇನೆ. ಅಳುತ್ತೇನೆ ಕೂಡ, ಆದರೆ ನಿಲ್ಲಿಸುವುದಿಲ್ಲ.

ಆದರೆ ಅವರ ಪರವಾಗಿ ನೀವು ಬೇಡ ಅನ್ನಬೇಡಿ. ಅವರೇ ಹೇಳಲಿ. ನಾವಿಬ್ಬರೂ ಸೇರಿ ಅವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಕೂತಿದ್ದೇವೆ. ಒಂದು ಸಂಗತಿ ನಿಮಗೆ ಹೇಳಿರಲಿಲ್ಲ. ಕುಣಿತ ಮುಗಿದು ಆ ವೇಷ ಹೊರಟಾಗ ಕ್ಯಾಮೆರಾ ಅಪ್ಪನ ಮೇಲಿದೆ. ಎಲ್ಲರೂ ಕೂಗುತ್ತಿದ್ದಾರೆ, "ಹೆಸ್ರು ಹೇಳೋ ಎಲ್ಡ್ರೆಡ್, ಹೋಗ್ತಾ ಇದೆ!" ಎಂದು. ಅಪ್ಪ ಬಾಯಿ ತೆರೆದು, ಮತ್ತೆ ಮುಚ್ಚುತ್ತಾರೆ. ಹೆಸರು ಹೊಳೆಯಲಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಈಗ ನೋಡಿದರೆ ಹಾಗೆ ಕಾಣುವುದಿಲ್ಲ.

ಹಳೆಯ ಕ್ರಿಸ್‌ಮಸ್ಸಿನ ಸಂಜೆ, ಜನವರಿ ಆರಕ್ಕೆ, ಮುಸುಕು ಹಾಕಿಕೊಂಡು ಬನ್ನಿ. ನಾನೂ ಇರುತ್ತೇನೆ, ಹೆಸರು ಹೇಳುವುದಿಲ್ಲ. ಒಪ್ಪಿಗೆಯ ಕಾಗದ ಇದರ ಜೊತೆಗೇ ಇಟ್ಟಿದ್ದೇನೆ. ಅಪ್ಪ ಹೆಸರು ಹೇಳಿದರೆ ಸಹಿ ಹಾಕಿ, ಹೇಳದಿದ್ದರೆ ಹರಿದು ಒಲೆಗೆ ಹಾಕಿ. ನಾನು ಒಂದು ಮಾತೂ ಆಡುವುದಿಲ್ಲ.

ಜೋಲೀನ್


ಗ್ಯಾನೆಟ್ ಕೋವ್
8 ಜನವರಿ 2024

ನನ್ನ ಜೋಲೀನ್,

ನೀನು ದಡದ ಪಟ್ಟಣದವರೆಗೆ ಬಂದು, ಗಾಳಿಗೆ ದೋಣಿ ಬಿಡದೆ, ಕಾದು ಕಾದು ವಾಪಸ್ಸು ಹೋದೆ ಎಂದು ಲೊರೆಟ್ಟಾ ಹೇಳಿದಳು. ನೀನಿಲ್ಲದ ಮೇಲೆ ನಾನೂ ಹೋಗುವುದಿಲ್ಲ ಎಂದು ಅಂಗಿ ಮಡಿಸಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೆಚ್ಚುಕಡಿಮೆ ಇಡೀ ಊರು ಒಂದು ಕಡೆ ನಿಂತಾಗ ಇನ್ನೊಂದು ಕಡೆ ಮತ ಹಾಕಿದವಳಿಗೆ ಒಬ್ಬಳೇ ಒಂದು ಬಾಗಿಲು ತಟ್ಟಲು ಆಗುವುದಿಲ್ಲವೇ? ಮತ್ತೆ ಹಾಕಿಕೊಂಡೆ. ಅದೇ ಮಳೆಯಂಗಿ, ಅದೇ ಪರದೆ.

ತಟ್ಟಿದೆ. ಉಸಿರು ಒಳಗೆಳೆದು ಕೇಳಿದೆ. "ಬನ್ನಿ" ಅಂದ. ಒಬ್ಬನೇ ಇದ್ದ.

ಕುರ್ಚಿಯಲ್ಲಿ ಒರಗಿಕೊಂಡು ಮೇಲಿಂದ ಕೆಳಗೆ ನೋಡಿದ. "ಪಾದ್ರಿಗಳಾ?" ಅಂದ. ತಲೆ ಅಲ್ಲಾಡಿಸಿದೆ. "ಹೇವರ್ಡಾ? ಅಲ್ಲ, ಅವ್ನಾಗಿದ್ರೆ ರಮ್ಮು ವಾಸ್ನೆ ಬರೋದು. ಪ್ರಧಾನಿಗಳಾ? ಇಷ್ಟು ಗೂನು ಇರ್ಲಿಲ್ಲ ಅವ್ರಿಗೆ." ಹೀಗೇ ಆಟವಾಡಿಸಿದ. ಆಮೇಲೆ ಆಟ ನಿಲ್ಲಿಸಿದ. ನನ್ನ ಬೂಟು ನೋಡಿದ.

"ಸೆಲೀನಾ," ಅಂದ.

ಪರದೆ ಹೇರ್‌ಪಿನ್ನಿಗೆ ಸಿಕ್ಕಿಕೊಂಡು ಬರಲೇ ಇಲ್ಲ. ಅವನೇ ಎದ್ದು ಬಿಡಿಸಿದ.

"ಇವಾಗ ಗೊತ್ತಾಯ್ತಾ?" ಎಂದೆ.

"ಹೋದ್ವರ್ಷವೇ ಗೊತ್ತಿತ್ತು. ನೀನು ಹೊಸ್ಲು ದಾಟಿದಾಗಲೇ."

"ಮತ್ಯಾಕೋ ಹೆಸ್ರು ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮುಸುಕು ತೆಗೀಬೇಕಾಗಿತ್ತು. ತೆಗೆದ್ರೆ ನಾನು ಹೊರಗೆ ಹೋಗು ಅನ್ಬೇಕಾಗಿತ್ತು, ಅಷ್ಟು ಜನದ ಮುಂದೆ ಹಿಂದೆ ಆಡಿದ ಮಾತು ಇತ್ತಲ್ಲ. ಇನ್ನೊಂದು ಹಾಡಿಗೆ ಇರ್ಲಿ ಅಂತ ಸುಮ್ನಿದ್ದೆ ಕಣೇ ಅಕ್ಕ."

ಅಳಬಾರದು ಎಂದುಕೊಂಡಿದ್ದೆ. ಅತ್ತೆ. ಅವನೂ ಅತ್ತ, ಒಲೆಯ ಹೊಗೆ ಎಂದ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಚಹಾ ಕುಡಿಯುತ್ತಾ ಮತದ ವಿಷಯ ಬಂತು. ನೀನು ತಪ್ಪು ಮಾಡಿದೆ ಎಂದ. ನಾನು ತಪ್ಪು ಮಾಡಿಲ್ಲ ಎಂದೆ. ಚಹಾ ಆರಿ ತಣ್ಣಗಾಗುವವರೆಗೆ ಜಗಳವಾಡಿದೆವು. "ಮರ್ಟಲ್ ಇದ್ದಿದ್ರೆ ನಿನ್ನ ಹೆಸ್ರನ್ನ ಬಾಗ್ಲಲ್ಲೇ ಹೇಳ್ತಿದ್ಳು" ಎಂದ. ಅಷ್ಟಕ್ಕೆ ಜಗಳ ನಿಂತಿತು. ಕೈಗವಸು ಹುಡುಕಿದರೆ ಅವು ಒಲೆಯ ಹಿಂದಿನ ಮೊಳೆಯಲ್ಲಿದ್ದವು, ನಾನು ಹಾಕಿದ್ದು ನನಗೇ ಗೊತ್ತಿಲ್ಲ.

ನಿನ್ನ ಸಿನಿಮಾದ ಮಾತು ತೆಗೆದೆ. "ತೋರಿಸ್ಲಿ ಬಿಡು. ನಾನು ಅಷ್ಟು ಕೆಟ್ಟದಾಗೇನೂ ಕುಣಿದಿಲ್ಲ" ಎಂದ. ಗೆರೆ ಎಳೆದಿರುವ ಕಡೆ ಸಹಿ ಹಾಕಿದ್ದೇನೆ, ಇದರ ಜೊತೆಗೇ ಇದೆ. ಗುರುವಾರದ ದೋಣಿಗೆ ಹಾಕುತ್ತೇನೆ. ಆದರೆ ನನ್ನದೊಂದು ಷರತ್ತು. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ಎಲ್ಲರ ಜೊತೆ ನನ್ನದೂ ಇರಲಿ, ಯಾವ ವೇಷ ಎಂದು ಮಾತ್ರ ಬರೆಯಬೇಡ. ನಿನಗಾಗಿ ಸುಳ್ಳು ಸಹಿ ಹಾಕಿದ ಆ ನಾಲ್ವರ ಹೆಸರೂ ಹಾಕು. ಹ್ಯಾಲಿಫ್ಯಾಕ್ಸಿನವರು ಅದು ಯಾರೆಂದು ಕೇಳಿದರೆ, ಎದುರಿಗೆ ಬಂದು ಹೆಸರು ಹೇಳಲಿ, ಆಮೇಲೆ ನೋಡೋಣ.

ನಾನು ಹೊರಡುವಾಗ ನಿಮ್ಮಪ್ಪ ಬಾಗಿಲವರೆಗೆ ಬಂದ. "ಇನ್ನೊಂದ್ಸಲ ಬಾಗ್ಲು ತಟ್ಟಿದ್ರೆ ತೆಗೆಯಲ್ಲ ನೋಡು" ಎಂದ.

ಇವತ್ತು ಬೆಳಿಗ್ಗೆ ಬ್ರೆಡ್ಡು ಬೇಯಿಸಿದೆ. ಬಿಸಿ ಆರುವ ಮುಂಚೆ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಅವನ ಅಡುಗೆಮನೆಗೆ ಹೋದೆ. ತಟ್ಟಲಿಲ್ಲ.

ನಿನ್ನ ಅತ್ತೆ
ಸೆಲೀನಾ